ಬೇಲೂರನ್ನೂ ನೋಡಿರದ ತಾಯಿ

ಸೊರಬದ ಗುಡವಿ ಕೆರೆಗೆ ಹಕ್ಕಿಗಳು ಬರುವುದು ಮುಂಗಾರಿನ ಜೊತೆಗೆ. ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ನೀರಲ್ಲೇ ನಿಂತ ಮರಗಳ ಮೇಲೆ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡುತ್ತವೆ. ಇಡೀ ಪಕ್ಷಿಧಾಮದ ವಿಸ್ತಾರ 0.73 ಚದರ ಕಿಲೋಮೀಟರು ಮಾತ್ರ. ಆದರೂ ದೂರದೂರುಗಳಿಂದ ಜನ ಕ್ಯಾಮೆರಾ ಹೊತ್ತು ಬರುತ್ತಾರೆ. ಸುತ್ತಲ ಹಳ್ಳಿಗಳ ಹೆಂಗಸರಿಗೆ ಅದೇ ನಾಟಿಯ ಕಾಲ. ಸೊಂಟ ಬಗ್ಗಿಸಿ ಸಸಿ ನೆಟ್ಟು ಮುಗಿಸಿದರೆ ಕಳೆ, ಕಳೆ ಮುಗಿದರೆ ಅಡಿಕೆ ಸುಲಿತ. ತಲೆಯ ಮೇಲೆ ಹಾರುವ ಬೆಳ್ಳಕ್ಕಿ ಸಾಲನ್ನು ಅವರು ದಿನವೂ ಕಾಣುತ್ತಾರೆ. ಕೆರೆದಂಡೆಯಲ್ಲಿ ನಿಂತು ಗೂಡು ನೋಡಲು ಬಿಡುವು ಸಿಗುವುದು ಯಾವಾಗ?

ಮೈಸೂರಿನ ಚೂಡಾರತ್ನ ಎಂಬ ತಾಯಿಯ ಬದುಕೂ ಹೀಗೇ ಸಾಗಿತ್ತು. ಹತ್ತು ಜನರ ಕೂಡು ಕುಟುಂಬ. ಅಡುಗೆ, ಮಡಿ, ಅತ್ತೆ ಮಾವಂದಿರ ಆರೈಕೆ, ಬಂದವರ ಊಟ ಉಪಚಾರಗಳಲ್ಲೇ ದಶಕಗಳು ಕಳೆದವು. 2015ರಲ್ಲಿ ಪತಿ ತೀರಿಕೊಂಡರು. ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ನೌಕರಿಯಲ್ಲಿದ್ದ ಮಗ ಕೃಷ್ಣಕುಮಾರ್ ಒಂದು ದಿನ, ತಿರುವಣ್ಣಾಮಲೈ, ಶ್ರೀರಂಗ ನೋಡಿದ್ದೀಯಾ ಎಂದು ಕೇಳಿದರು. ಪಕ್ಕದ ಬೇಲೂರನ್ನೇ ನೋಡಿಲ್ಲ ಎಂಬ ಉತ್ತರ ಬಂತು. ಮೈಸೂರಿನಿಂದ ಬೇಲೂರಿಗೆ ಬೆಳಗ್ಗೆ ಹೋಗಿ ಸಂಜೆಗೆ ಬಂದುಬಿಡಬಹುದು.

ಮಗ ನೌಕರಿ ಬಿಟ್ಟರು. 2018ರ ಜನವರಿ 16ರಂದು, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತಾಯಿಯನ್ನು ಹಿಂದೆ ಕೂರಿಸಿಕೊಂಡು ಹೊರಟರು. ಅದಕ್ಕೆ ಮಾತೃಸೇವಾ ಸಂಕಲ್ಪ ಯಾತ್ರೆ ಎಂದು ಹೆಸರಿಟ್ಟರು. ಸ್ಕೂಟರಿನ ರೂಪದಲ್ಲಿ ತಂದೆಯೂ ಜೊತೆಗಿದ್ದಾರೆ, ಇದು ಮೂವರ ಪ್ರಯಾಣ ಎಂಬುದು ಅವರ ಭಾವನೆ. ಭಾರತದ ರಾಜ್ಯಗಳನ್ನು ದಾಟಿ ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ಕಂಡು, 2020ರ ಸೆಪ್ಟೆಂಬರಿನಲ್ಲಿ ಮೈಸೂರಿಗೆ ಮರಳುವಷ್ಟರಲ್ಲಿ 56 ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ ಸವೆದಿತ್ತು. ಆ ತಾಯಿಗಾಗ ಸುಮಾರು ಎಪ್ಪತ್ತು ವರ್ಷ.

ಈ ಸುದ್ದಿ ಬಂದಾಗ ಎಲ್ಲರೂ ಮಗನನ್ನು ಕೊಂಡಾಡಿದರು. ಕೊಂಡಾಡಬೇಕಾದ್ದೇ. ಆದರೆ ಎಪ್ಪತ್ತರ ವಯಸ್ಸಿನಲ್ಲಿ ಸ್ಕೂಟರಿನ ಹಿಂಬದಿ ಸೀಟಿನಲ್ಲಿ ಕುಳಿತು ಹಿಮಾಲಯದ ರಸ್ತೆಗಳಿಗೆ ಎದೆಯೊಡ್ಡಿದ ಆ ತಾಯಿಯ ಛಲ ಇನ್ನೂ ದೊಡ್ಡದು. ಅಷ್ಟು ಹಂಬಲ ಅಷ್ಟು ವರ್ಷ ಅಡುಗೆಮನೆಯಲ್ಲಿ ಸುಮ್ಮನೆ ಕಾದಿತ್ತಲ್ಲ!

ಮಲೆನಾಡಿನ ಚರ್ಚುಗಳಲ್ಲೂ ಇಂಥ ಹಿರಿಯ ಹೆಂಗಸರಿದ್ದಾರೆ. ಬಲಿಪೂಜೆಗೆ ಮೊದಲೇ ಬಂದು ಪೀಠಕ್ಕೆ ಹೂವು ಜೋಡಿಸುವವರು, ಪೀಠವಸ್ತ್ರ ಒಗೆದು ಇಸ್ತ್ರಿ ಮಾಡುವವರು, ಮಕ್ಕಳಿಗೆ ಜಪ ಕಲಿಸುವವರು, ಗಾಯನವೃಂದದಲ್ಲಿ ಹಾಡುವವರು. ಸಂಬಳವಿಲ್ಲ, ಹುದ್ದೆಯಿಲ್ಲ. ದೇವಸ್ಥಾನದ ಅನ್ನಸಂತರ್ಪಣೆಗೆ ಹಿಂದಿನ ದಿನವೇ ಅಕ್ಕಿ ಆರಿಸುವ, ತರಕಾರಿ ಹೆಚ್ಚುವ ಕೈಗಳೂ ಇದೇ ಬಳಗದವು.

ಈ ಸೇವೆಯೇ ಎಷ್ಟೋ ಹೆಂಗಸರಿಗೆ ಊರಾಚೆಯ ದಾರಿ ತೆರೆದಿದೆ. ಸುಮ್ಮನೆ ತಿರುಗಾಡಲು ಹೋಗುತ್ತೇನೆ ಎಂದರೆ ಒಪ್ಪದ ಮನೆ, ಹಬ್ಬಕ್ಕೆ ಹೋಗುತ್ತೇನೆ ಎಂದರೆ ಒಪ್ಪುತ್ತದೆ. ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರಂದು ನಡೆಯುವ ಹಬ್ಬಕ್ಕೆ ಸುತ್ತಲ ಜಿಲ್ಲೆಗಳಿಂದ ಭಕ್ತರು ಹೊರಡುತ್ತಾರೆ. ಅದೇ ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರನೂ ಇದ್ದಾನೆ, ತುಂಗಭದ್ರೆಯೂ ಹರಿಯುತ್ತಾಳೆ. ಸೊರಬದವರಿಗೆ ಚಂದ್ರಗುತ್ತಿಯ ರೇಣುಕಾಂಬೆ, ಶಿಕಾರಿಪುರದವರಿಗೆ ಅಕ್ಕಮಹಾದೇವಿಯ ಉಡುತಡಿ ಇಂಥದೇ ನೆಪಗಳು.

ಆದರೆ ಅಲ್ಲಿಯೂ ಬುತ್ತಿ ಕಟ್ಟುವುದು ಮನೆಯ ಹೆಂಗಸೇ, ಮೊಮ್ಮಕ್ಕಳ ಕೈ ಹಿಡಿದು ಗುಂಪಿನಲ್ಲಿ ನಡೆಯುವುದೂ ಅವಳೇ. ಎಲ್ಲರೂ ಗರ್ಭಗುಡಿಯ ಮುಂದೆ ನಿಂತಾಗ ಚೀಲಗಳ ಬಳಿ ಕಾವಲು ಕೂತವಳನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ತ್ಯಾಗ ಎಂದು ಹೊಗಳಿ ಮುಂದೆ ಸಾಗುವುದು ನ್ಯಾಯವಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಧರ್ಮಸ್ಥಳದ ಬಸ್ಸುಗಳು ತುಂಬಿ ತುಳುಕಿದವು. ಕೆಲವರು ಗೇಲಿ ಮಾಡಿದರು. ಗಂಡನ ಮುಂದೆ ಕೈಚಾಚದೆ ಹೊರಟವಳ ಮುಖ ಕಂಡವರಿಗೆ ಗೇಲಿ ಮಾಡಲು ಮನಸ್ಸು ಬರಲಾರದು. ಮಲೆನಾಡಿನ ಮಾತು ಮಾತ್ರ ಬೇರೆ. ಇಲ್ಲಿನ ಅನೇಕ ಹಳ್ಳಿದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿಯ ಟಿಕೆಟ್ಟು ನಡೆಯುವುದಿಲ್ಲ. ಗುಡವಿಯಂಥ ಊರಿಗೆ ಬೆಳಗ್ಗೆ ಹೋಗಿ ಸಂಜೆ ಬರುವಂತೆ ಸರ್ಕಾರಿ ಬಸ್ಸುಗಳು ಹೆಚ್ಚಬೇಕು.

ಕೇಳುಗರೇ, ಎಲ್ಲರಿಗೂ ನೌಕರಿ ಬಿಟ್ಟು ಸ್ಕೂಟರ್ ಹತ್ತಲು ಆಗುವುದಿಲ್ಲ. ನಿಮ್ಮ ಮನೆಯ ಹಿರಿಯಳನ್ನು ಇವತ್ತು ಒಂದು ಮಾತು ಕೇಳಿ: ನೋಡಬೇಕೆಂದು ಆಸೆಪಟ್ಟು ನೋಡದೆ ಉಳಿದ ಊರು ಯಾವುದು? ಮಂಡಿನೋವು ಹೆಚ್ಚುವ ಮುನ್ನ ಅಲ್ಲಿಗೆ ಕರೆದುಕೊಂಡು ಹೋಗಿ. ಅವತ್ತಿನ ಬುತ್ತಿ ನೀವು ಕಟ್ಟಿ, ಚೀಲ ನೀವು ಕಾಯಿರಿ.