ಫೋನಿನ ಬೇರಿಗೆ ಕೈಹಾಕುವ ಮುನ್ನ



ಕೊಡಗಿನಲ್ಲಿ ಇಂದು ಸ್ಮಾರ್ಟ್‌ಫೋನ್ ಬರೀ ಮಾತನಾಡುವ ಸಾಧನವಾಗಿ ಉಳಿದಿಲ್ಲ. ಕಾಫಿ, ಕರಿಮೆಣಸಿನ ಧಾರಣೆ ನೋಡಲು, ಕೊಯ್ಲಿನ ಕೂಲಿ ಕಳುಹಿಸಲು, ಮಳೆಯ ಮುನ್ನೆಚ್ಚರಿಕೆ ತಿಳಿಯಲು ಅದೇ ಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಒಂದು ಕರೆಗಾಗಿ ಕಾದು ಕುಳಿತ ದಿನಗಳನ್ನು ನಾವು ಮರೆತಿಲ್ಲ. ಅಂಥ ಫೋನು ನಾಲ್ಕಾರು ವರ್ಷಗಳಲ್ಲಿ ನಿಧಾನವಾಗುತ್ತದೆ, ಕಂಪನಿಯ ಅಪ್‌ಡೇಟ್ ನಿಲ್ಲುತ್ತದೆ. ಆಗ ಮನೆಯ ಹುಡುಗರು "ರೂಟ್ ಮಾಡಿದರೆ ಸರಿಹೋಗುತ್ತದೆ" ಎನ್ನುತ್ತಾರೆ. ಈ ಮಾತಿನಲ್ಲಿ ಲಾಭವೆಷ್ಟು, ಅಪಾಯವೆಷ್ಟು ಎಂಬುದನ್ನು ನೋಡೋಣ.

ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್. ಅದರಲ್ಲಿ ಎಲ್ಲ ಅಧಿಕಾರವೂ ಇರುವ ಬಳಕೆದಾರನಿಗೆ 'ರೂಟ್' ಎಂದು ಹೆಸರು. ತೋಟದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಲೈನ್‌ಮನೆಯಲ್ಲಿರುವವರ ಬಳಿ ತಮ್ಮ ಕೋಣೆಯ ಬೀಗದ ಕೈ ಮಾತ್ರ ಇರುತ್ತದೆ. ಗೋದಾಮು, ಪಂಪ್‌ಹೌಸ್, ಕಚೇರಿ ಎಲ್ಲದರ ಗೊಂಚಲು ಯಜಮಾನರ ಸೊಂಟದಲ್ಲಿರುತ್ತದೆ. ಫೋನಿಗೆ ಹಣ ಕೊಟ್ಟವರು ನಾವೇ ಆದರೂ ನಮ್ಮ ಕೈಗೆ ಬರುವುದು ಒಂದು ಕೋಣೆಯ ಬೀಗದ ಕೈ. ರೂಟ್ ಮಾಡುವುದೆಂದರೆ ಇಡೀ ಗೊಂಚಲನ್ನು ಪಡೆಯುವುದು. ಆಗ ಕಂಪನಿ ತುಂಬಿಟ್ಟ ಬೇಡದ ಆ್ಯಪ್‌ಗಳನ್ನು ತೆಗೆದುಹಾಕಬಹುದು, ಒಳಗಿನ ವ್ಯವಸ್ಥೆಯನ್ನು ಬೇಕಾದಂತೆ ಬದಲಿಸಬಹುದು. ಆದರೆ ಅರಿಯದೆ ಅನುಮತಿ ಕೊಟ್ಟ ಒಂದು ಕೆಟ್ಟ ಆ್ಯಪ್‌ಗೂ ಅದೇ ಗೊಂಚಲು ಸಿಗುತ್ತದೆ ಎಂಬುದನ್ನು ಗಮನಿಸಬೇಕು.

ಹಾಗಾದರೆ ಮಾಡಿದ್ದನ್ನು ಹಿಂದಕ್ಕೆ ತರಬಹುದೇ? ಬಹುಪಾಲು ತರಬಹುದು, ಪೂರ್ತಿಯಾಗಿ ಅಲ್ಲ. ಕಂಪನಿಯ ಮೂಲ ತಂತ್ರಾಂಶ ದೊರೆತರೆ ಅದನ್ನು ಮತ್ತೆ ಹಾಕಬಹುದು. ಆದರೆ ರೂಟ್ ಮಾಡಲು ಸಾಮಾನ್ಯವಾಗಿ ಮೊದಲು ಬೂಟ್‌ಲೋಡರ್ ಎಂಬ ಬಾಗಿಲಿನ ಬೀಗ ತೆಗೆಯಬೇಕು. ತೆಗೆದ ಕೂಡಲೇ ಫೋನಿನಲ್ಲಿರುವ ಚಿತ್ರಗಳು, ಸಂದೇಶಗಳು, ಲೆಕ್ಕಪತ್ರಗಳು ಅಳಿಸಿಹೋಗುತ್ತವೆ. ಬೇರೆಡೆ ಪ್ರತಿ ತೆಗೆದಿಡದಿದ್ದರೆ ಅವು ಮರಳಿ ಬಾರವು. ಮೂಲ ತಂತ್ರಾಂಶವನ್ನು ಸರಿಯಾಗಿ ಹಾಕದೆ ಆ ಬೀಗವನ್ನು ಮತ್ತೆ ಜಡಿದರೆ ಫೋನು ಏಳದೇ ಹೋಗಬಹುದು.

ಇನ್ನೊಂದು ಗುರುತು ಇದೆ, ಅದನ್ನು ಯಾರೂ ಅಳಿಸಲಾರರು. ಸ್ಯಾಮ್‌ಸಂಗ್‌ನ ನಾಕ್ಸ್ ರಕ್ಷಣೆಯಿರುವ ಫೋನುಗಳಲ್ಲಿ ಅನಧಿಕೃತ ತಂತ್ರಾಂಶ ಹಾಕಿದರೆ ಒಳಗಿನ ಒಂದು ಎಲೆಕ್ಟ್ರಾನಿಕ್ ಫ್ಯೂಸ್ ಹೋಗುತ್ತದೆ. 0 ಇದ್ದದ್ದು 1 ಆಗುತ್ತದೆ, ಮತ್ತೆ 0 ಆಗುವುದಿಲ್ಲ. ಸರ್ವಿಸ್ ಸೆಂಟರಿನವರು ಅದನ್ನು ನೋಡಿಯೇ ತಿಳಿಯುತ್ತಾರೆ.

ನಿತ್ಯದ ಬದುಕಿಗೆ ಹೆಚ್ಚು ತಟ್ಟುವುದು ಹಣದ ವ್ಯವಹಾರ. ಫೋನಿನ ವ್ಯವಸ್ಥೆ ಬದಲಾಗಿದೆಯೇ ಎಂಬುದನ್ನು ಅನೇಕ ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಪರೀಕ್ಷಿಸುತ್ತವೆ. ಬದಲಾಗಿದ್ದರೆ ತೆರೆಯಲು ನಿರಾಕರಿಸುತ್ತವೆ. ಶನಿವಾರ ಸಂಜೆ ಕೂಲಿ ಕೊಡುವ ಹೊತ್ತಿಗೆ ಆ್ಯಪ್ ಮುಷ್ಕರ ಹೂಡಿದರೆ ಏನು ಮಾಡುವಿರಿ? ಅದನ್ನು ಮೋಸಗೊಳಿಸುವ ಉಪಾಯಗಳೂ ಇವೆ. ಅವು ಇಂದು ನಡೆದು ನಾಳೆ ಕೈಕೊಡಬಹುದು.

ಈಗ ವಾರಂಟಿಯ ವಿಷಯ. ತಂತ್ರಾಂಶ ತಿದ್ದಿದ ಫೋನಿಗೆ ವಾರಂಟಿ ಸಲ್ಲದೆಂದು ಅನೇಕ ಕಂಪನಿಗಳ ಷರತ್ತು ಹೇಳುತ್ತದೆ. ಚಾರ್ಜಿಂಗ್ ಕಿಂಡಿ ಕೆಟ್ಟದ್ದಕ್ಕೂ ರೂಟ್ ಮಾಡಿದ್ದಕ್ಕೂ ಸಂಬಂಧವೇನು ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ವಾದಿಸುವ ಶ್ರಮ ನಿಮ್ಮ ಪಾಲಿಗೆ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಡಗಿನವರು ಬೆಂಗಳೂರಿಗೆ ಅಲೆಯದೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳ ಕಾಲಾವಕಾಶವಿದೆ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಸಲಹೆ ಕೇಳಬಹುದು. ರಶೀದಿಯನ್ನೂ ವಾರಂಟಿ ಕಾಗದವನ್ನೂ ಜೋಪಾನವಾಗಿಡಿ.

ಕೊನೆಯದಾಗಿ ಕೆಲವು ಮಾತು. ನಿಧಾನವಾದ ಫೋನಿಗೆಲ್ಲ ರೂಟ್ ಮದ್ದಲ್ಲ. ಜಾಗ ತುಂಬಿರಬಹುದು, ಬ್ಯಾಟರಿ ಸವೆದಿರಬಹುದು. ಮೊದಲು ಅವನ್ನು ನೋಡಿ. ಹೊಸ ಆಂಡ್ರಾಯ್ಡ್ ಬೇಕೆಂಬುದಷ್ಟೇ ಆಸೆಯಾದರೆ ಲಿನೇಜ್‌ಓಎಸ್‌ನಂಥ ಮುಕ್ತ ತಂತ್ರಾಂಶ ನಿಮ್ಮ ಮಾದರಿಗೆ ಇದೆಯೇ ಎಂದು ವಿಚಾರಿಸಿ. ಅದಕ್ಕೂ ಬೂಟ್‌ಲೋಡರ್ ಬೀಗ ತೆಗೆಯಬೇಕು, ಆದರೆ ರೂಟ್ ಬೇಕಿಲ್ಲ. ಅಂಗಡಿಯವರಿಂದ ಮಾಡಿಸುವುದಾದರೆ ಏನು ಮಾಡುತ್ತಾರೆ, ಕೆಟ್ಟರೆ ಯಾರು ಹೊಣೆ ಎಂಬುದನ್ನು ಬರೆಯಿಸಿಕೊಳ್ಳಿ.

ಕಲಿಯುವ ಕುತೂಹಲ ಒಳ್ಳೆಯದು, ಅದನ್ನು ತಡೆಯಬೇಡಿ. ವಾರಂಟಿ ಮುಗಿದು ಮೂಲೆ ಸೇರಿದ ಹಳೆಯ ಫೋನನ್ನು ಮಕ್ಕಳ ಕೈಗೆ ಕೊಡಿ, ಪ್ರಯೋಗ ಅದರ ಮೇಲೆ ನಡೆಯಲಿ. ಬ್ಯಾಂಕಿನ ಲೆಕ್ಕ ಇರುವ, ಮಳೆಗಾಲದ ರಾತ್ರಿ ನೆರವಿಗೆ ಕೂಗಬೇಕಾದ ಫೋನಿನ ಬೇರನ್ನು ಮಾತ್ರ ಅಲುಗಿಸಬೇಡಿ.