ಪತ್ತನಾಜೆ ಕಳೆದ ಮೇಲಣ ಆಟ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ನಾಡುನುಡಿಗಳ ವಿಷಯವಾಗಿ ಗಂಭೀರವಾದ ಉಪನ್ಯಾಸಗಳನ್ನು ಕೇಳಿ ಅಭ್ಯಾಸವಾದ ತಮ್ಮ ಮುಂದೆ ಚೆಂಡು ದಾಂಡಿನ ಕಥೆಯನ್ನು ಹೇಳಲು ನಿಂತಿರುವುದು ನನಗೇ ಸಂಕೋಚದ ಸಂಗತಿಯಾಗಿದೆ. ಆದರೆ ಕಾರ್ಯದರ್ಶಿಗಳು, "ಮಾಷ್ಟ್ರೇ, ಈ ಸಲ ವ್ಯಾಕರಣ ಬೇಡ, ಹುಡುಗರೂ ಕೂತು ಕೇಳುವಂಥದ್ದು ಏನಾದರೂ ಹೇಳಿ" ಎಂದು ಅಪ್ಪಣೆ ಕೊಟ್ಟರು. ಮೂವತ್ತು ವರ್ಷ ವ್ಯಾಕರಣವನ್ನು ಕಲಿಸಿದವನಿಗೆ ಇದಕ್ಕಿಂತ ಸ್ಪಷ್ಟವಾದ ವಿಮರ್ಶೆ ಬೇಕಿಲ್ಲ.

ಕ್ರಿಕೆಟಿನ ಮಾತು ಕುಂಬಳೆ ಸೀಮೆಗೆ ಹೊರಗಿನದೆಂದು ಯಾರೂ ಹೇಳಲಾರರು. ಯಕ್ಷಗಾನಕ್ಕೆ ಪಾರ್ತಿಸುಬ್ಬನನ್ನು ಕೊಟ್ಟ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ಅನಿಲ್ ಕುಂಬ್ಳೆಯವರು 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ 74 ಓಟಗಳಿಗೆ ತಾವೊಬ್ಬರೇ ಕೆಡಹಿದರು. ಟೆಸ್ಟ್ ಪಂದ್ಯಗಳಲ್ಲಿ ಅವರ ಒಟ್ಟು ಗಳಿಕೆ 619. ಕಾಸರಗೋಡಿನ ತಳಂಗರೆಯ ಮುಹಮ್ಮದ್ ಅಜರುದ್ದೀನ್ 2021ರ ಜನವರಿಯಲ್ಲಿ ಮುಂಬಯಿ ತಂಡದ ಮೇಲೆ ಆ ತಂಡದ ಊರಿನಲ್ಲಿಯೇ 54 ಎಸೆತಗಳಲ್ಲಿ 137 ಓಟಗಳನ್ನು ಹೊಡೆದು ಔಟಾಗದೆ ಉಳಿದರು. ನಾನು ಹೇಳಲಿರುವ ಆಟದಲ್ಲಿ ಅಂಥವರು ಯಾರೂ ಇರಲಿಲ್ಲ. ನಮ್ಮ ತಂಡದಲ್ಲಿ ಇದ್ದವರು ಒಬ್ಬ ಬ್ಯಾಂಕಿನ ಗುಮಾಸ್ತ, ಒಬ್ಬ ದರ್ಜಿ, ಅಡಕೆ ತೋಟದ ಮೂವರು ಸೋದರರು, ಚಿತ್ರಕಲೆಯ ಅಧ್ಯಾಪಕರು, ಹೀಗೆ. ಅವರೊಡನೆ ಮೇಳದ ಒಬ್ಬ ಮದ್ದಳೆಗಾರ. ಆತನಿಗೆ ಪತ್ತನಾಜೆ ಕಳೆದ ಮೇಲಲ್ಲದೆ ಸಂಜೆಯ ಬಿಡುವು ಸಿಕ್ಕುವಂತಿರಲಿಲ್ಲವಾದುದರಿಂದ ಪಂದ್ಯವನ್ನು ಪ್ರತಿವರ್ಷವೂ ಪತ್ತನಾಜೆ ಕಳೆದ ಭಾನುವಾರಕ್ಕೇ ಇರಿಸಿಕೊಳ್ಳುತ್ತಿದ್ದೆವು.

ಇದೇ ಮೊದಲನೆಯ ತಪ್ಪೆಂದು ಈಗ ತೋರುತ್ತದೆ. ವೃಷಭ ಮಾಸದ ಹತ್ತನೆಯ ದಿನ ಗೆಜ್ಜೆ ಬಿಚ್ಚಬೇಕು, ಆಮೇಲೆ ಬಯಲಿನಲ್ಲಿ ಆಟವೂ ಇಲ್ಲ, ಕೋಲವೂ ಇಲ್ಲ ಎಂದು ನಮ್ಮ ಹಿರಿಯರು ಕಟ್ಟುಮಾಡಿದುದು ಸುಮ್ಮನೆ ಅಲ್ಲ. ಆ ದಿನ ಹತ್ತು ಹನಿಯಾದರೂ ಬೀಳಬೇಕೆಂಬ ನಂಬಿಕೆಯೂ ಉಂಟು. ಬಯಲಿನಲ್ಲಿ ನೆರೆದ ಜನ ಮಳೆ ಬಂದ ಮೇಲೆ ಏಳಬೇಕೋ ಬೇಡವೋ ಎಂದು ಚರ್ಚಿಸುವ ಪ್ರಸಂಗವೇ ಬಾರದಂತೆ, ತಿಥಿಯನ್ನೇ ಗೊತ್ತು ಮಾಡಿ ಅವರು ಮುಗಿಸಿಬಿಟ್ಟಿದ್ದರು. ನಾವು ಮದ್ದಳೆಗಾರನ ಬಿಡುವನ್ನು ನೋಡಿದೆವು. ಆ ಬಿಡುವು ಆತನಿಗೆ ಯಾತಕ್ಕಾಗಿ ದೊರೆಯಿತೆಂಬುದನ್ನು ನೋಡಲಿಲ್ಲ.

ಎದುರಾಳಿಗಳು ಹೊಳೆಯ ಆಚೆಯವರು, ಹೆಚ್ಚಿನವರು ಮನೆಯಲ್ಲಿ ಮಲೆಯಾಳ ಆಡುವವರು. ಈ ಸ್ನೇಹದ ಪಂದ್ಯ ಎಷ್ಟೋ ವರ್ಷಗಳಿಂದ ನಡೆದುಬಂದುದು. ಮೈದಾನದಲ್ಲಿ ಕನ್ನಡ, ತುಳು, ಮಲೆಯಾಳ, ಕೊಂಕಣಿ, ಬ್ಯಾರಿ ಎಲ್ಲವೂ ಕೇಳಿಬರುತ್ತಿದ್ದುವು. ಆದರೆ ಚೆಂಡು ಮೇಲಕ್ಕೆ ಹಾರಿದೊಡನೆ ಎಲ್ಲರ ಬಾಯಲ್ಲೂ 'ಕ್ಯಾಚ್' ಒಂದೇ. ವಿಕೆಟ್ಟಿಗೆ ನಮ್ಮ ಪತ್ರಿಕೆಗಳಲ್ಲಿ 'ಹುದ್ದರಿ' ಎಂದು ಬರೆಯುವುದುಂಟು. ನಾನೊಮ್ಮೆ ಭಾಷಾಭಿಮಾನದಿಂದ ಮೈದಾನದಲ್ಲಿ ಆ ಪದವನ್ನು ಬಳಸಿ, ಅಂಗಡಿಯ ಉದ್ದರಿ ಲೆಕ್ಕದ ಮಾತೆಂದು ತಿಳಿದ ದರ್ಜಿಯನ್ನು ಗಾಬರಿಗೊಳಿಸಿದೆ.

ಆಟದ ಜಾಗ ಗುಡ್ಡೆಯ ಮೇಲಣ ಮುರಕಲ್ಲಿನ ಬಯಲು. ಹುಲ್ಲು ತೆಳ್ಳಗೆ, ಅದರ ಕೆಳಗೆ ಕಲ್ಲು. ಚೆಂಡು ಪುಟಿಯುವ ಜಾಗಕ್ಕೆ ತೆಂಗಿನ ನಾರಿನ ಚಾಪೆಯನ್ನು ಹಾಸಿ ನಾಲ್ಕು ಮೂಲೆಗೆ ಮೊಳೆ ಹೊಡೆಯುತ್ತಿದ್ದೆವು. ಒಂದು ಕಡೆ ಶಾಲೆ; ಇನ್ನೊಂದು ಕಡೆ, ಪಡುವಣಕ್ಕೆ, ಗಡಿಯ ಗೆರೆಯಂತೆ ಸಾಲಾಗಿ ಐದು ತೆಂಗಿನ ಮರಗಳು. ಕೊತ್ತಳಿಗೆಯನ್ನು ಕೆತ್ತಿ ಬ್ಯಾಟು ಮಾಡಿಕೊಂಡು ಮಕ್ಕಳು ದಿನವೂ ಆಡುವ ಸ್ಥಳವದು. ನಮ್ಮವರಲ್ಲಿ ಒಬ್ಬ ಮದುವೆಯ ಊಟದಿಂದ ಬರಲೇ ಇಲ್ಲವಾದುದರಿಂದ ಎಂಟನೆಯ ತರಗತಿಯ ಒಬ್ಬ ಹುಡುಗನನ್ನು ಸೇರಿಸಿಕೊಂಡು ಆ ತೆಂಗಿನ ಸಾಲಿನ ಬಳಿ ನಿಲ್ಲಿಸಿದೆವು. ಅಲ್ಲಿಗೆ ಚೆಂಡು ಹೋಗುವುದು ಅಪರೂಪ, ಪೆಟ್ಟಾಗಲಾರದು ಎಂಬ ಎಣಿಕೆ.

ನಾಲ್ಕಕ್ಕೆ ಆರಂಭವಾಗಬೇಕಾದ ಆಟ ನಾಲ್ಕೂವರೆಗೆ ಆರಂಭವಾಯಿತು. ಒಂದೊಂದು ಪಕ್ಷಕ್ಕೆ ಹನ್ನೆರಡು ಓವರು. ನಾವು 71 ಓಟಗಳನ್ನು ಮಾಡಿದೆವು. ನಾನು ಅಂಪೈರು, ಇನ್ನೊಂದು ತುದಿಯ ಅಂಪೈರು ಅವರ ಪಕ್ಷದ ಒಬ್ಬ ಯುವಕ, ಹಿಂದೆ ನಮ್ಮ ಶಾಲೆಯಲ್ಲಿಯೇ ಓದಿದವನು.

ಸಂಜೆಯ ಆಟವೆಂಬುದು ಹುಟ್ಟಿದ್ದು ಬೇರೊಂದು ಆಕಾಶದ ಕೆಳಗೆ. ಇಂಗ್ಲೆಂಡಿನಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತು ಗಂಟೆಯ ಮೇಲೆ ಸೂರ್ಯಾಸ್ತ; ಆಮೇಲೆಯೂ ಸಂಧ್ಯೆ ಬಹಳ ಹೊತ್ತು ತಡೆದು ನಿಲ್ಲುತ್ತದೆ. ಕಚೇರಿ, ಕಾರ್ಖಾನೆಗಳಿಂದ ಬಂದವರು ಆರು ಗಂಟೆಗೆ ತೊಡಗಿ ಇಪ್ಪತ್ತು ಇಪ್ಪತ್ತು ಓವರುಗಳನ್ನು ಆಡಿ ಮುಗಿಸುವ ಪದ್ಧತಿ ಅಲ್ಲಿನ ಊರೂರ ತಂಡಗಳಲ್ಲಿ ಬಹುಕಾಲದಿಂದ ಇದ್ದಿತು. 2003ರಲ್ಲಿ ಅಲ್ಲಿನ ಕೌಂಟಿ ತಂಡಗಳು ಇಪ್ಪತ್ತು ಓವರುಗಳ ಪಂದ್ಯವನ್ನು ತೊಡಗಿದಾಗ ಲೋಕವೆಲ್ಲ ಅದನ್ನು ಹೊಸದೆಂದಿತು. ನಮ್ಮಲ್ಲಿಯಾದರೋ ಮೇ ತಿಂಗಳ ಕೊನೆಗೆ ಏಳಕ್ಕೆ ಹತ್ತು ಮಿನಿಟಿರುವಾಗ ಸೂರ್ಯ ಮುಳುಗುತ್ತಾನೆ. ಅರ್ಧ ಗಂಟೆಯೊಳಗೆ ದೀಪ ಬೇಕು. ಮೋಡವಿದ್ದರೆ ಆ ಲೆಕ್ಕವೂ ಇಲ್ಲ.

ಮೋಡವಿದ್ದಿತು. ಮುಂಗಾರಿನ ಮಳೆ ಪಡುವಣ ಕಡಲಿನಿಂದ ಬರುತ್ತದೆ. ಅದಕ್ಕೆ ಮುಂಚಿನ ಗುಡುಗಿನ ಮಳೆ ಮೂಡಣ ಘಟ್ಟದ ಮೇಲೆ ಮಧ್ಯಾಹ್ನ ಕಟ್ಟಿ ಸಂಜೆಗೆ ಇತ್ತ ಇಳಿಯುತ್ತದೆ. ತಾವೆಲ್ಲರೂ ಅಂಗಳದಲ್ಲಿ ಅಡಕೆ ಒಣಗಿಸಿದವರು, ಇದನ್ನು ನನ್ನಿಂದ ಕಲಿಯಬೇಕಾಗಿಲ್ಲ. ಅವರ ಐದನೆಯ ಓವರು ಮುಗಿದಾಗ ತುಂತುರು ಬಿದ್ದು ಇಪ್ಪತ್ತು ಮಿನಿಟು ಆಟ ನಿಂತಿತು. ಮರದ ಮಿಲ್ಲಿನ ಹುಡಿಯನ್ನು ತಂದು ಚಾಪೆಯ ಸುತ್ತ ಚೆಲ್ಲಿದೆವು. ಒದ್ದೆಯಾದ ಟೆನ್ನಿಸ್ ಚೆಂಡು ಭಾರವಾಗಿ, ಪುಟಿಯುವುದನ್ನು ಮರೆತು, ನಾರಿನ ಚಾಪೆಯ ಮೇಲೆ ಜಾರುತ್ತಿದ್ದಿತು. ಹೇಗೋ ಹತ್ತು ಓವರು ಮುಗಿಯುವಾಗ ಆರೂವರೆ. ಅವರು 8 ವಿಕೆಟ್ಟುಗಳನ್ನು ಕಳೆದುಕೊಂಡು 63 ಓಟ ಮಾಡಿದ್ದರು. ಗೆಲ್ಲಲು ಹನ್ನೆರಡು ಎಸೆತಗಳಲ್ಲಿ 9 ಬೇಕು.

ಇಲ್ಲಿ ನಿಯಮದ ಮಾತನ್ನು ಸ್ವಲ್ಪ ಹೇಳಬೇಕು. ಹಿಂದೆ ಬೆಳಕು ಸಾಲದಾದಾಗ ಅಂಪೈರುಗಳು ದಾಂಡಿಗರನ್ನು ಕೇಳುವ ರೂಢಿಯಿದ್ದಿತು. ಒಲ್ಲೆವೆಂದರೆ ಆಟ ನಿಲ್ಲುತ್ತಿದ್ದಿತು. ಗೆಲ್ಲುವವನು ಆಡುತ್ತೇನೆನ್ನುವನು, ಸೋಲುವವನು ಕಾಣದು ಎನ್ನುವನು; ಮನುಷ್ಯನ ಕಣ್ಣು ಲಾಭವನ್ನು ನೋಡಿ ಮಂಜಾಗುವುದುಂಟು. 2010ರ ತಿದ್ದುಪಡಿಯಿಂದ ಆ ಆಯ್ಕೆಯನ್ನು ಆಟಗಾರರ ಕೈಯಿಂದ ತೆಗೆದು ಅಂಪೈರುಗಳಿಗೆ ಮಾತ್ರ ಕೊಟ್ಟರು. ಆಡುವುದು ಅಪಾಯಕರ ಅಥವಾ ಅವಿವೇಕ ಎಂದು ಇಬ್ಬರೂ ಒಪ್ಪಿದರೆ ನಿಲ್ಲಿಸತಕ್ಕದ್ದು. ಬಹಳ ಸರಿಯಾದ ತಿದ್ದುಪಡಿ. ಆದರೆ ಅಂಪೈರೇ ಒಂದು ಪಕ್ಷದವನಾಗಿದ್ದರೆ? ಊರ ಆಟಗಳಲ್ಲೆಲ್ಲ ಆತ ಒಂದು ಪಕ್ಷದವನೇ.

ಮಿಂಚು ಆಗಲೇ ತೊಡಗಿದ್ದಿತು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದರಿಂದ, ಮಿಂಚಿಗೂ ಗುಡುಗಿಗೂ ನಡುವೆ ಮೂರು ಎಣಿಸಿದರೆ ಒಂದು ಕಿಲೋಮೀಟರು ದೂರವೆಂದು ಲೆಕ್ಕ. ಮೂವತ್ತರೊಳಗೆ ಗುಡುಗು ಕೇಳಿದರೆ ಬಯಲನ್ನು ಬಿಟ್ಟು ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಕೂಡದು. ಇದನ್ನು ನಾನೇ ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಮಕ್ಕಳಿಗೆ ಹೇಳಿದ್ದೇನೆ. ಅಂದು ನಾನು ಮನಸ್ಸಿನಲ್ಲಿಯೇ ಎಣಿಸಿದೆ. ಮೊದಲು ಇಪ್ಪತ್ತೆಂಟು. ಮುಂದಿನ ಓವರಿನಲ್ಲಿ ಹತ್ತೊಂಬತ್ತು.

ಆ ಕಡೆಯ ಅಂಪೈರು ನನ್ನ ಬಳಿಗೆ ನಡೆದುಬಂದು, "ಮಾಷ್ಟ್ರೇ, ಬೆಳಕು ಹೇಗೆ ಕಾಣುತ್ತದೆ ತಮಗೆ?" ಎಂದು ಕೇಳಿದನು. ಕೇಳಿದ್ದು ಬೆಳಕನ್ನು, ನೋಡುತ್ತಿದ್ದುದು ಮೂಡಣ ದಿಕ್ಕನ್ನು. ಮುಂದಿನ ಓವರು ನಮ್ಮ ತೋಟದ ಸೋದರರಲ್ಲಿ ಕಿರಿಯವನದು. ಆತ ವೇಗದವನು, ಆ ಮಬ್ಬಿನಲ್ಲಿ ಆತನ ಚೆಂಡು ಉಳಿದ ದಾಂಡಿಗರಿಗೆ ಕಾಣುವಂತಿರಲಿಲ್ಲ. ಎರಡು ವಿಕೆಟ್ಟು ಬಿದ್ದರೆ ಗೆಲುವು ನಮ್ಮದು. ಮೂರು ವರ್ಷ ನಾವು ಗೆದ್ದಿರಲಿಲ್ಲ. "ಎರಡೇ ಓವರು, ಮುಗಿಸಿಬಿಡುವ" ಎಂದೆ. ಆತನು ಒಂದು ಕ್ಷಣ ನಿಂತು, "ತಾವು ಹೇಳಿದ ಹಾಗೆ" ಎಂದು ತನ್ನ ಜಾಗಕ್ಕೆ ಹೋದನು. ಅಂಪೈರು ಅಂಪೈರಿಗೆ ಕೊಟ್ಟ ಒಪ್ಪಿಗೆ ಅದಲ್ಲ. ಶಿಷ್ಯನು ಮಾಷ್ಟ್ರಿಗೆ ಕೊಟ್ಟ ಮರ್ಯಾದೆ. ಅದು ನನಗೆ ಆಗಲೇ ಗೊತ್ತಿದ್ದಿತು ಎಂಬುದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ.

ಬೌಲರು ಓಡಿಬರಲು ಅಣಿಯಾದನು. ನನ್ನ ಪಕ್ಕದ ತುದಿಯಲ್ಲಿ ಬ್ಯಾಟು ಹಿಡಿದು ನಿಂತಿದ್ದವರು ಅವರ ನಾಯಕರು, ಜೀಪು ಓಡಿಸುವವರು. ಇನ್ನೊಂದು ಮಿಂಚು. ಈ ಸಲ ತೆಂಗಿನ ಸಾಲೂ, ಅದರ ಬುಡದಲ್ಲಿ ಹನಿಗೆ ಒದ್ದೆಯಾಗದಂತೆ ಮರಕ್ಕೆ ಒರಗಿ ನಿಂತಿದ್ದ ಹುಡುಗನೂ ಬೆಳ್ಳಗೆ ಕಂಡರು. ನಾನು ಎಣಿಸುತ್ತಿದ್ದೆ. ಅವರೂ ಎಣಿಸುತ್ತಿದ್ದರೆಂಬುದು ತುಟಿಯ ಚಲನೆಯಿಂದ ತಿಳಿಯಿತು. ಹತ್ತಕ್ಕೆ ಗುಡುಗಿತು. ಅವರು ಬ್ಯಾಟನ್ನು ಕಂಕುಳಲ್ಲಿಟ್ಟು, ಗೂಟಗಳ ಮೇಲಣ ಬೇಲ್ಸುಗಳನ್ನು ತಾವೇ ತೆಗೆದು ನನ್ನ ಅಂಗೈಯಲ್ಲಿರಿಸಿ, "ಮಾಷೇ, ಮತಿ" ಎಂದರು.

ಮತಿಯೆಂದರೆ ಮಲೆಯಾಳದಲ್ಲಿ ಸಾಕು. ನಮ್ಮ ಭಾಷೆಯಲ್ಲಿ ಬುದ್ಧಿ. ಗಡಿನಾಡಿನ ಕಿವಿಗೆ ಎರಡೂ ಒಟ್ಟಿಗೇ ಕೇಳಿಸಿತು.

ಬಳಿಕ ಅವರು ಬಾಯಿಗೆ ಕೈಹಿಡಿದು ತೆಂಗಿನ ಕಡೆಗೆ ಕೂಗಿದರು. ಹುಡುಗನು ಓಡಿಬಂದನು. ಎಲ್ಲರೂ ಗೂಟಗಳನ್ನು ಕಿತ್ತು, ಚಾಪೆಯನ್ನು ಅಲ್ಲಿಯೇ ಬಿಟ್ಟು, ಶಾಲೆಯ ಜಗಲಿಯನ್ನು ಮುಟ್ಟುವಷ್ಟರಲ್ಲಿ ಮಳೆ ಹೊಡೆಯಿತು. ಬೈಲಿನಿಂದ ಬರುತ್ತಿದ್ದ ಇಬ್ಬರು ಹೆಂಗಸರು ತಲೆಯ ಮೇಲೆ ಗೊರಬೆ ಹೊತ್ತು ಅದೇ ಜಗಲಿಗೆ ಸೇರಿದರು. ಸ್ವಲ್ಪ ಹೊತ್ತಿಗೆ, ನೆಲ ನಡುಗುವಂತೆ, ಎಣಿಸಲು ಎಡೆಯಿಲ್ಲದೆ, ಮಿಂಚೂ ಗುಡುಗೂ ಒಂದಾಗಿ ಬಂದುವು. ಯಾರೂ ಮಾತಾಡಲಿಲ್ಲ.

ಮಾತು ಮರಳಿದ್ದು ಚಹ ಬಂದ ಮೇಲೆ. ಆಗ ಗೆದ್ದವರಾರೆಂಬ ಚರ್ಚೆ. ಓವರಿನ ಸರಾಸರಿ ಹಿಡಿದರೆ ಅವರದು ಆರಕ್ಕಿಂತ ಹೆಚ್ಚು, ನಮ್ಮದು ಆರರೊಳಗೆ; ಆದುದರಿಂದ ಅವರದೇ ಗೆಲುವು ಎಂದರು ಅವರ ಪಕ್ಷದವರು. ಬಿದ್ದ ವಿಕೆಟ್ಟುಗಳನ್ನು ಎಣಿಸಬೇಡವೇ ಎಂದನು ನಮ್ಮ ಗುಮಾಸ್ತ. ಮಳೆಯ ಲೆಕ್ಕ ಲೋಕದ ದೊಡ್ಡ ದೊಡ್ಡವರನ್ನೇ ಕಾಡಿದೆ. 1939ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಮುಗಿಯುವವರೆಗೂ ಆಡುವುದೆಂದು ತೊಡಗಿದ ಟೆಸ್ಟು, ಇಂಗ್ಲೆಂಡಿಗೆ ಇನ್ನು 42 ಓಟ ಬೇಕಾಗಿರುವಾಗ ಮಳೆ ಬಂದು, ಹಡಗಿಗೆ ಹೊತ್ತಾಯಿತೆಂದು ನಿಂತುಹೋಯಿತು. 1992ರ ವಿಶ್ವಕಪ್ಪಿನ ಉಪಾಂತ್ಯದಲ್ಲಿ, ಸಿಡ್ನಿಯಲ್ಲಿ, 13 ಎಸೆತಗಳಲ್ಲಿ 22 ಓಟ ಬೇಕಿದ್ದ ದಕ್ಷಿಣ ಆಫ್ರಿಕದವರು ಸಣ್ಣ ಮಳೆ ನಿಂತ ಮೇಲೆ ಬಂದು ನೋಡಿದರೆ ಉಳಿದದ್ದು ಒಂದೇ ಎಸೆತ! ಆಮೇಲೆ ಡಕ್‌ವರ್ತ್, ಲೂಯಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರದವರು ಉಳಿದ ಓವರು, ಉಳಿದ ವಿಕೆಟ್ಟು ಎರಡನ್ನೂ ಕೂಡಿಸಿ ಒಂದು ಸೂತ್ರವನ್ನು ಮಾಡಿದರು. 1997ರಿಂದ ಅದು ಬಳಕೆಗೆ ಬಂದಿತು. ನಮ್ಮ ಚಿತ್ರಕಲೆಯ ಅಧ್ಯಾಪಕರು ಅದನ್ನೂ ಕಪ್ಪುಹಲಗೆಯ ಮೇಲೆ ಬರೆಯಲು ಹೊರಟು, ಮೂರನೆಯ ಸಾಲಿನಲ್ಲಿ ಸೀಮೆಸುಣ್ಣವನ್ನು ಇಟ್ಟುಬಿಟ್ಟರು.

ಓಟಗಳ ಪುಸ್ತಕವನ್ನು ಬರೆಯುತ್ತಿದ್ದವಳು ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗಿ. ಒದ್ದೆಯಾದ ಪುಟವನ್ನು ಸೆರಗಿನಂಚಿನಿಂದ ಒತ್ತುತ್ತಾ, "ಮಾಷ್ಟ್ರೇ, ಫಲಿತಾಂಶದ ಜಾಗದಲ್ಲಿ ಏನು ಬರೆಯಲಿ?" ಎಂದು ಕೇಳಿದಳು. ನಾನು ಬರೆಸಿದೆ: "ಎದುರು ಪಕ್ಷದ ನಾಯಕರು ಆಟವನ್ನು ನಿಲ್ಲಿಸಿದರು. ಅಂಪೈರು ನಿಲ್ಲಿಸಬೇಕಾಗಿದ್ದಿತು." ಆಕೆ ತಲೆಯೆತ್ತಿ ನೋಡಿದಳು. ಹೌದು, ಹಾಗೆಯೇ ಬರೆ ಎಂದೆ. ನಾಯಕರಿಗೆ ಕನ್ನಡ ಓದಲು ಬಾರದು. ಏನು ಬರೆದದ್ದೆಂದು ಅವರು ಕೇಳಿದಾಗ ಆ ಹುಡುಗಿ ಮಲೆಯಾಳದಲ್ಲಿ ಹೇಳಿದಳು. ಅವರು ನಕ್ಕು, ಎರಡನೆಯ ವಾಕ್ಯ ಬೇಡ, ಹೊಡೆದುಹಾಕು ಎಂದರು. ಆಕೆ ನನ್ನ ಮುಖವನ್ನು ನೋಡಿದಳು, ಹೊಡೆದುಹಾಕಲಿಲ್ಲ.

ಮರುದಿನ ಬೆಳಗ್ಗೆ ಚಾಪೆಯನ್ನು ಸುತ್ತಿ ತರಲು ಹೋದೆವು. ಪಡುವಣ ಸಾಲಿನ ಮೂರನೆಯ ತೆಂಗಿನ ಬುಡದಿಂದ ಆಳೆತ್ತರದವರೆಗೆ ತೊಗಟೆ ಸೀಳಿದ್ದಿತು. ಗರಿಗಳು ಆಗ ಹಸುರಾಗಿಯೇ ಇದ್ದುವು. ಹದಿನೈದು ದಿನಗಳೊಳಗೆ ಒಂದೊಂದಾಗಿ ಬಾಗಿದುವು, ಸುಳಿ ಒಣಗಿತು. ಶಾಲೆಯವರು ಅದನ್ನು ಕಡಿಸಿದರು. ಈಗ ಅಲ್ಲಿ ನಾಲ್ಕೇ ಮರಗಳು. ಪಂದ್ಯವನ್ನು ಮಾತ್ರ ನಾವು ಬಿಡಲಿಲ್ಲ. ಜನವರಿ ತಿಂಗಳಿಗೆ ಇಟ್ಟುಕೊಂಡಿದ್ದೇವೆ, ಮದ್ದಳೆಗಾರನಿಲ್ಲದೆ. ಬರುವ ಪಂದ್ಯಕ್ಕೆ ಅಂಪೈರಾಗಿ ನಿಲ್ಲುವವನು ಅಂದು ತೆಂಗಿನ ಬುಡದಲ್ಲಿ ನಿಂತಿದ್ದ ಹುಡುಗ. ತಾವೆಲ್ಲರೂ ದಯಮಾಡಿಸಬೇಕು.