ಓಡಿ ಬಂದ ಒಬ್ಬ ಗೆಳೆಯ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಅನುಚರರ ಮೇಲೂ ಅಲ್ಲಾಹನ ಕೃಪೆ, ಶಾಂತಿ ಇರಲಿ.



ಕಳೆದ ತಿಂಗಳು ಇಶಾ ನಮಾಝ್‌ನ ಬಳಿಕ ಪಿಯುಸಿ ಕಲಿಯುವ ಹುಡುಗನೊಬ್ಬ ನನ್ನ ಕೈಗೆ ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟ. "ಉಸ್ತಾದ್, ಓದಿ ಹೇಳಿ" ಎಂದಷ್ಟೇ ಹೇಳಿ ಹೊರಟುಹೋದ. ಪಾಕಿಸ್ತಾನಿ ಮೂಲದ ಅಮೆರಿಕನ್ ಲೇಖಕಿ ಸಬಾ ತಾಹಿರ್ ಹದಿಹರೆಯದವರಿಗಾಗಿ ಬರೆದ ‘ಆಲ್ ಮೈ ರೇಜ್’ ಅದು. 2022ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಕೃತಿ.

ಅದರಲ್ಲಿ ಸಲಾಹುದ್ದೀನ್ ಮತ್ತು ನೂರ್ ಎಂಬ ಇಬ್ಬರು ಮುಸ್ಲಿಮ್ ಮಕ್ಕಳಿದ್ದಾರೆ. ಕ್ಯಾಲಿಫೋರ್ನಿಯಾದ ಮರುಭೂಮಿಯ ಒಂದು ಸಣ್ಣ ಊರು. ಹುಡುಗನ ತಾಯಿಗೆ ಮೂತ್ರಪಿಂಡದ ಕಾಯಿಲೆ, ತಂದೆಗೆ ಕುಡಿತದ ಚಟ. ನೂರ್ ಭೂಕಂಪದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡು ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದವಳು. ಬಾಲ್ಯದ ಈ ಒಡನಾಡಿಗಳು ಜಗಳವಾಡಿ ಮಾತು ಬಿಟ್ಟಿದ್ದಾರೆ. ಇಬ್ಬರೂ ಒಳಗೊಳಗೇ ಬೇಯುತ್ತಾರೆ, ಇಬ್ಬರೂ ಬಾಯಿ ಬಿಡುವುದಿಲ್ಲ. ಸಂಕಟದ ಭಾರಕ್ಕೆ ಹುಡುಗ ಹಾದಿ ತಪ್ಪುತ್ತಾನೆ.

ಕಾದಂಬರಿಯಲ್ಲಿರುವ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಆದರೆ ಅದು ಕೇಳುವ ಒಂದು ಪ್ರಶ್ನೆಗೆ ನಾವು ಉತ್ತರಿಸಲೇಬೇಕು: ಈ ಮಕ್ಕಳು ಮಸೀದಿಯಲ್ಲಿ ನಮ್ಮ ಪಕ್ಕದ ಸಫ್ಫಿನಲ್ಲೇ ನಿಂತಿದ್ದರೆ ನಮಗೆ ಗೊತ್ತಾಗುತ್ತಿತ್ತೇ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19ರ ವಯಸ್ಸಿನ 7 ಮಂದಿಯಲ್ಲಿ ಒಬ್ಬರು ಯಾವುದಾದರೊಂದು ಮಾನಸಿಕ ತೊಂದರೆ ಅನುಭವಿಸುತ್ತಾರೆ. ಈ ಮಕ್ಕಳು ಬೇರೆಲ್ಲೋ ಇರುವವರಲ್ಲ. ನಮ್ಮ ಮನೆಯಲ್ಲಿ, ಮದ್ರಸದಲ್ಲಿ, ಮಹಲ್ಲಿನಲ್ಲಿ ಇರುವವರು. ಒಂದು ಮಗು ಬಾಯಿ ತೆರೆದು "ನನಗೆ ಏನೂ ಬೇಡವೆನಿಸುತ್ತದೆ" ಎಂದರೆ ನಾವು ಕೊಡುವ ಮೊದಲ ಉತ್ತರವೇನು? "ಈಮಾನ್ ಕಡಿಮೆಯಾಗಿದೆ, ಮೊಬೈಲ್ ಬಿಡು, ನಮಾಝ್ ಮಾಡು." ಅಲ್ಲಿಗೆ ಮಾತು ಮುಗಿಯುತ್ತದೆ. ಆ ಮಗು ಮತ್ತೆ ನಮ್ಮ ಬಳಿ ಬರುವುದಿಲ್ಲ.

ಪ್ರವಾದಿ ಯಅ್‌ಕೂಬ್(ಅ)ರನ್ನು ನೆನಪಿಸಿಕೊಳ್ಳಿ. ಮಗ ಯೂಸುಫ್(ಅ)ರ ಅಗಲಿಕೆಯ ದುಃಖದಿಂದ ಅವರ ಕಣ್ಣುಗಳು ಬೆಳ್ಳಗಾದವು ಎಂದು ಕುರ್‌ಆನ್ ಹೇಳುತ್ತದೆ. ಅವರ ಈಮಾನ್ ಕಡಿಮೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ನಮ್ಮ ಪ್ರವಾದಿ(ಸ)ರೂ ಚಿಂತೆ ಮತ್ತು ದುಃಖದಿಂದ ಅಲ್ಲಾಹನಲ್ಲಿ ಅಭಯ ಯಾಚಿಸುತ್ತಿದ್ದರು. ಮನಸ್ಸು ನೋಯುವುದು ಪಾಪವಲ್ಲ. ಅಲ್ಲಾಹನು ಔಷಧಿ ಇಳಿಸದೆ ಯಾವ ರೋಗವನ್ನೂ ಇಳಿಸಿಲ್ಲ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಮನಸ್ಸಿನ ರೋಗ ಅದರಿಂದ ಹೊರತಲ್ಲ.

ಸಹೋದರರೇ, ಕಅಬ್ ಬಿನ್ ಮಾಲಿಕ್(ರ)ರ ಘಟನೆ ನಿಮಗೆ ಗೊತ್ತಿದೆ. ಹಿಜರಿ 9ರಲ್ಲಿ ತಬೂಕ್ ಯಾತ್ರೆಗೆ ಹೋಗದೆ ಉಳಿದುದಕ್ಕಾಗಿ 50 ದಿನ ಯಾರೂ ಅವರೊಂದಿಗೆ ಮಾತನಾಡಲಿಲ್ಲ. ವಿಶಾಲವಾದ ಭೂಮಿಯೇ ಇಕ್ಕಟ್ಟಾದಂತೆ ಅನಿಸಿತು. ಕೊನೆಗೆ ಅವರ ತೌಬಾ ಸ್ವೀಕಾರವಾದ ಸುದ್ದಿ ಬಂತು. ಅವರು ಮಸೀದಿಗೆ ಬಂದಾಗ ತಲ್ಹಾ(ರ)ರು ಎದ್ದು ಓಡಿ ಬಂದು ಕೈ ಹಿಡಿದು ಅಭಿನಂದಿಸಿದರು. ಕಅಬ್(ರ)ರು ವೃದ್ಧರಾಗಿ, ದೃಷ್ಟಿ ಕಳೆದುಕೊಂಡು, ಮಗನ ಕೈ ಹಿಡಿದು ನಡೆಯುವ ಕಾಲದವರೆಗೂ ಅದನ್ನು ಮರೆಯಲಿಲ್ಲ. ಎಷ್ಟೋ ವರ್ಷಗಳ ಬಳಿಕವೂ ನೆನಪಿನಲ್ಲಿ ಉಳಿದದ್ದು ಆ ಒಬ್ಬ ಎದ್ದು ಓಡಿ ಬಂದದ್ದು!

ಅಂದು ಮದೀನಾದಲ್ಲಿ ಜನ ಮಾತು ಬಿಟ್ಟದ್ದು ಪ್ರವಾದಿ(ಸ)ರ ಆಜ್ಞೆಯಂತೆ. ನಾವು ಯಾರ ಆಜ್ಞೆಯೂ ಇಲ್ಲದೆ ನಮ್ಮ ಮಕ್ಕಳನ್ನು ಒಂಟಿಯಾಗಿಸುತ್ತಿದ್ದೇವೆ.

ಯುವಕರೇ, ನಿಮ್ಮ ಗೆಳೆಯ ಸಲಾಮ್‌ಗೆ ಉತ್ತರಿಸಿ ಮುಖ ತಿರುಗಿಸಿದರೆ, ಊಟ ನಿದ್ದೆ ಬಿಟ್ಟಿದ್ದರೆ, ಆಟಕ್ಕೆ ಬರುವುದನ್ನು ನಿಲ್ಲಿಸಿದ್ದರೆ, ಅವನ ಪಕ್ಕ ಕುಳಿತುಕೊಳ್ಳಿ. ಉಪದೇಶ ಬೇಡ, ಕಿವಿ ಕೊಡಿ. ಅವನ ಗುಟ್ಟನ್ನು ಇತರರ ಮುಂದೆ ಬಿಚ್ಚಬೇಡಿ. ಆದರೆ ಸಾಯುವ ಮಾತನಾಡಿದರೆ ಅದನ್ನು ಗುಟ್ಟಾಗಿ ಉಳಿಸಬೇಡಿ. ಅವನನ್ನು ಒಂಟಿಯಾಗಿ ಬಿಡದೆ ಆ ಕ್ಷಣವೇ ನಂಬಿಕಸ್ಥ ಹಿರಿಯರೊಬ್ಬರಿಗೆ ತಿಳಿಸಿ. ಜೀವ ಉಳಿಸುವುದು ವಿಶ್ವಾಸದ್ರೋಹವಲ್ಲ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಹೆತ್ತವರೇ, ಜ್ವರ ಬಂದರೆ ವೈದ್ಯರ ಬಳಿ ಓಡುವ ನಾವು ಮನಸ್ಸು ಬಳಲಿದಾಗ ‘ಜನ ಏನೆನ್ನುವರು’ ಎಂದು ಬಾಗಿಲು ಮುಚ್ಚುವುದು ಬೇಡ. ದುಆ ಮಾಡೋಣ, ಚಿಕಿತ್ಸೆಯನ್ನೂ ಕೊಡಿಸೋಣ. ಒಂದು ಮತ್ತೊಂದಕ್ಕೆ ಅಡ್ಡಿಯಲ್ಲ.

ಪುಸ್ತಕ ಮರಳಿಸುವಾಗ ನಾನು ಆ ಹುಡುಗನಲ್ಲಿ ಕಥೆಯ ಬಗ್ಗೆ ಮಾತನಾಡಲಿಲ್ಲ. "ನೀನು ಹೇಗಿದ್ದೀಯಾ ಮಗನೇ?" ಎಂದು ಕೇಳಿದೆ. ಅಂದು ಮಸೀದಿಯ ಜಗಲಿಯಲ್ಲಿ ನಾವಿಬ್ಬರೂ ಬಹಳ ಹೊತ್ತು ಕುಳಿತೆವು. ಅವನು ಹೇಳಿದ್ದು ನನ್ನ ಬಳಿ ಅಮಾನತ್ತಾಗಿದೆ. ಇಷ್ಟು ಮಾತ್ರ ಹೇಳಬಲ್ಲೆ: ಆ ಪ್ರಶ್ನೆಯನ್ನು ಅವನು ಬಹಳ ದಿನಗಳಿಂದ ಕಾಯುತ್ತಿದ್ದ.

ಇಂದು ಮನೆಗೆ ಹೋದ ಮೇಲೆ ನೀವೂ ಒಬ್ಬರನ್ನು ಹಾಗೆ ಕೇಳಿ. ನೊಂದ ಮನಸ್ಸುಗಳಿಗೆ ಅಲ್ಲಾಹನು ಸಾಂತ್ವನ ನೀಡಲಿ, ನಮ್ಮನ್ನು ಎದ್ದು ಓಡಿ ಹೋಗುವವರಲ್ಲಿ ಸೇರಿಸಲಿ. ಆಮೀನ್.